8(1)(ಜೆ) ಬದಲಾದ ಮೇಲೆ ಆರ್‌ಟಿಐ ಅರ್ಜಿ ನಾನು ಹೇಗೆ ಬರೀತಿದೀನಿ

ನಾನು ಲಾ ಕಾಲೇಜಲ್ಲಿ ಸಂವಿಧಾನ ಪಾಠ ಮಾಡ್ತೀನಿ, ಜೊತೆಗೆ ನಮ್ಮ ಕಾನೂನು ನೆರವು ಘಟಕದಲ್ಲಿ ಹುಡುಗರ ಜೊತೆ ಕೂತು ಹಳ್ಳಿಯವರಿಗೆ ಆರ್‌ಟಿಐ ಅರ್ಜಿ ಬರೆದುಕೊಡ್ತೀವಿ. 2025ರ ನವೆಂಬರ್‌ನಲ್ಲಿ ಡಿಪಿಡಿಪಿ ಕಾಯ್ದೆಯ (ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ) ಸೆಕ್ಷನ್ 44(3) ಜಾರಿಗೆ ಬಂದು ಆರ್‌ಟಿಐ ಕಾಯ್ದೆಯ 8(1)(ಜೆ)ನ ಬದಲಾಯಿಸ್ತಲ್ಲ, ಅದಾದ್ಮೇಲೆ ಈ ಕೆಲಸದ ರೀತಿನೇ ಬದಲಾಯಿಸ್ಕೋಬೇಕಾಯ್ತು.

ಮೊದಲು 8(1)(ಜೆ) ಹೇಗಿತ್ತು ಅಂದ್ರೆ, ಕೇಳಿದ ವೈಯಕ್ತಿಕ ಮಾಹಿತಿಗೆ ಸಾರ್ವಜನಿಕ ಚಟುವಟಿಕೆ ಜೊತೆ ಸಂಬಂಧ ಇಲ್ಲ ಅಂತಾದ್ರೆ ಅಥವಾ ಅದನ್ನ ಕೊಟ್ರೆ ವಿನಾಕಾರಣ ಖಾಸಗಿತನಕ್ಕೆ ಧಕ್ಕೆ ಆಗುತ್ತೆ ಅಂದ್ರೆ ಮಾತ್ರ ನಿರಾಕರಿಸಬಹುದಿತ್ತು, ಮೇಲಿಂದ ಶಾಸನಸಭೆಗೆ ಇಲ್ಲ ಅನ್ನೋಕಾಗದ ಮಾಹಿತೀನ ಜನರಿಗೂ ಇಲ್ಲ ಅನ್ನಂಗಿಲ್ಲ ಅಂತ ಒಂದು ಪರಂತುಕ (ಸೆಕ್ಷನ್‌ಗೆ ಸೇರಿಸಿದ ಷರತ್ತು) ಬೇರೆ ಇತ್ತು. ಈಗ ಅದೆಲ್ಲ ಹೋಗಿ "ವೈಯಕ್ತಿಕ ಮಾಹಿತಿ" ಅಂದ್ರೆ ಸಾಕು, ವಿನಾಯಿತಿ. ಸರ್ಕಾರಿ ಕಡತದಲ್ಲಿ ಯಾರದಾದ್ರೂ ಹೆಸರಿಲ್ಲದ ಹಾಳೆ ಎಲ್ಲಿದೆ ಹೇಳಿ?

ವಸತಿ ಯೋಜನೆ ಫಲಾನುಭವಿಗಳ ಪಟ್ಟಿ ಕೇಳಿದ್ದಕ್ಕೆ ಒಂದು ಕಚೇರಿಯಿಂದ ಒಂದೇ ಸಾಲಿನ ಹಿಂಬರಹ ಬಂತು, "ವೈಯಕ್ತಿಕ ಮಾಹಿತಿ ಆಗಿರುವುದರಿಂದ ನೀಡಲು ಬರುವುದಿಲ್ಲ". ಅರ್ಜಿದಾರರಿಗೆ ಬೇಕಾಗಿದ್ದು ಮನೆ ಯಾರಿಗೆ ಮಂಜೂರಾಗಿದೆ ಅನ್ನೋದಷ್ಟೇ, ಯಾರ ಬ್ಯಾಂಕ್ ಪಾಸ್‌ಬುಕ್ಕೂ ಅಲ್ಲ.

ಮೊದಲ ಮೇಲ್ಮನವಿಗೆ 30 ದಿನ ಟೈಮ್ ಇರುತ್ತೆ. ಅದರಲ್ಲಿ ನಾವು 8(2) ಹಿಡ್ಕೊಂಡ್ವಿ, ಈ ತಿದ್ದುಪಡಿ ಮುಟ್ಟದೇ ಇರೋ ಬಾಗಿಲು ಅದು, ಸಾರ್ವಜನಿಕ ಹಿತ ದೊಡ್ಡದಾಗಿದ್ರೆ ವಿನಾಯಿತಿ ಇದ್ರೂ ಮಾಹಿತಿ ಕೊಡಬಹುದು ಅನ್ನುತ್ತೆ. ಜೊತೆಗೆ ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರನ ಯಾರೂ ಕೇಳದೇನೇ ಪ್ರಕಟಿಸಬೇಕು ಅನ್ನೋ ಸೆಕ್ಷನ್ 4(1)(ಬಿ), ಆಧಾರ್ ನಂಬರ್, ಖಾತೆ ನಂಬರ್ ಅಳಿಸಿ ಉಳಿದಿದ್ದನ್ನ ಕೊಡಿ ಅನ್ನೋಕೆ ಸೆಕ್ಷನ್ 10, ನಿರಾಕರಣೆ ಸರಿ ಅಂತ ತೋರಿಸೋ ಹೊಣೆ ಅಧಿಕಾರಿದೇ ಅನ್ನೋಕೆ 19(5). ಮೇಲ್ಮನವಿ ಪ್ರಾಧಿಕಾರ ನಂಬರ್‌ಗಳನ್ನ ಅಳಿಸಿ ಪಟ್ಟಿ ಕೊಡೋಕೆ ಆದೇಶ ಮಾಡ್ತು.

ಈಗ ಇದನ್ನೆಲ್ಲ ಅರ್ಜಿಯಲ್ಲೇ ಹಾಕ್ಬಿಡ್ತೀವಿ. ಸಾರ್ವಜನಿಕ ಹಿತ ಏನು ಅಂತ ಎರಡು ಸಾಲು, ಯಾವ ವಿವರ ಬೇಡ ಅಂತ ಒಂದು ಸಾಲು. ನಮ್ಮ ರಾಜ್ಯದ ನಿಯಮದಲ್ಲಿ 150 ಪದದ ಮಿತಿ ಇದೆ, ಒಂದೇ ವಿಷಯ ಅನ್ನೋ ಷರತ್ತೂ ಇದೆ, ಅದರೊಳಗೆ ಇಷ್ಟು ತುಂಬಿಸೋದು ಕಷ್ಟಾನೇ. ಅದಕ್ಕಿಂತ ಬೇಜಾರಾಗೋದು ಏನಂದ್ರೆ, ಮಾಹಿತಿ ಯಾಕೆ ಬೇಕು ಅಂತ ಅರ್ಜಿದಾರ ಕಾರಣ ಕೊಡಬೇಕಾಗಿಲ್ಲ ಅಂತ 6(2) ಈಗಲೂ ಸ್ಪಷ್ಟವಾಗಿ ಹೇಳುತ್ತೆ, ಆದ್ರೂ ಕಾರಣ ಬರೀದಿದ್ರೆ 8(2)ರ ಲಾಭ ಸಿಗೋದು ಅನುಮಾನ.

ಖಾಸಗಿತನಕ್ಕೆ ನಾನು ವಿರೋಧಿ ಅಲ್ಲ, ಅದು ಮೂಲಭೂತ ಹಕ್ಕು ಅಂತ 2017ರಲ್ಲಿ 9 ನ್ಯಾಯಮೂರ್ತಿಗಳ ಪೀಠ ಹೇಳಿದ ಕೇಸ್ ಹಾಕಿದ್ದೇ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದ್ರೆ ಅದೇ ತೀರ್ಪು ಹಕ್ಕಿನ ಮೇಲಿನ ನಿರ್ಬಂಧ ಗುರಿಗೆ ತಕ್ಕಷ್ಟೇ ಇರಬೇಕು ಅಂತಾನೂ ಹೇಳಿದೆ, ಎರಡು ಹಕ್ಕು ಎದುರುಬದುರಾದಾಗ ತೂಗಿ ನೋಡೋ ಕೆಲಸ ಹಳೇ 8(1)(ಜೆ) ಒಳಗೇ ಇತ್ತು. ಅದನ್ನ ತೆಗೆದಿದ್ದು ತಪ್ಪು ಅಂತಾನೇ ಕ್ಲಾಸಲ್ಲೂ ಹೇಳ್ತೀನಿ.

ಉದ್ಯೋಗ ಖಾತ್ರಿ ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ಕೇಳಿದ ಇನ್ನೊಂದು ಅರ್ಜಿ ಎರಡನೇ ಮೇಲ್ಮನವಿಯಾಗಿ ಮಾಹಿತಿ ಆಯೋಗದ ಮುಂದಿದೆ. ಅದರಲ್ಲೂ ಇದೇ ವಾದ ಇಟ್ಟಿದೀವಿ.