ಬೆಂಗಳೂರಲ್ಲಿ ಮೆಟಲ್ ಬ್ಯಾಂಡಿಗೆ ಜನ ಸೇರಿಸೋದು ಹೇಗೆ

2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅಂಥ ವಿದೇಶಿ ಮೆಟಲ್ ಬ್ಯಾಂಡುಗಳು ಅರಮನೆ ಮೈದಾನಕ್ಕೆ ಬಂದಾಗ ಸೇರಿದ್ದ ಜನ ನೋಡಿ ನಮ್ಮ ಶೋಗೂ ಹಂಗೇ ಬರ್ತಾರೆ ಅಂದ್ಕೋಬೇಡಿ, ಮೊದಲನೇ ಶೋಗೆ ಇಪ್ಪತ್ತು ಜನ ಬಂದ್ರೂ ದೊಡ್ಡದು ಕಣ್ರೀ. ಆ ಇಪ್ಪತ್ತು ಜನಾನ ಬಿಡ್ಬೇಡಿ. ನಿಮ್ಮ ಸೆಟ್, ಅಂದ್ರೆ ಸ್ಟೇಜಲ್ಲಿ ನೀವು ನುಡಿಸೋ ಸರದಿ, ಮುಗಿದ ಕೂಡ್ಲೇ ಕೇಬಲ್ ಸುತ್ಕೊಂಡು ಹೊರಟುಬಿಡೋದಲ್ಲ, ಕೆಳಗಿಳಿದು ಮಾತಾಡಿ, ಹೆಸರು ಕೇಳಿ, ಮುಂದಿನ ಸಲ ಹೆಸರು ಹಿಡಿದೇ ಕರೀರಿ, ಆಗ ಅವ್ರೇ ಇನ್ನಿಬ್ರು ಫ್ರೆಂಡ್ಸನ್ನ ಕರ್ಕೊಂಡ್ ಬರ್ತಾರೆ.

ಬೇರೆ ಬ್ಯಾಂಡ್ ನುಡಿಸುವಾಗ ನೀವೂ ಮುಂದೆ ನಿಂತು ತಲೆ ಆಡಿಸಿ. ತಮ್ಮ ಸೆಟ್ ಆದ್ಮೇಲೆ ಮಾಯ ಆಗೋ ಬ್ಯಾಂಡ್‌ಗಳನ್ನ ಕಂಡ್ರೆ ನಂಗೆ ನಿಜವಾಗ್ಲೂ ಬೇಜಾರು.

ಶೋಗೆ ಮುಂಚೆ ಸೌಂಡ್ ಸರಿ ಮಾಡ್ಕೊಳ್ಳೋ ಸೌಂಡ್‌ಚೆಕ್‌ಗೆ ಟೈಮಿಗೆ ಹೋಗಿ. ಗಿಟಾರ್ ಗೇನ್ (ಸೌಂಡನ್ನ ಒರಟು ಮಾಡೋ ಆಂಪಿನ ನಾಬ್) ಇಳಿಸಿ, ರಿಹರ್ಸಲ್ ರೂಮಲ್ಲಿ ಸಖತ್ತಾಗಿ ಕೇಳೋ ಗೇನು ಚಿಕ್ಕ ಪಬ್ಬಲ್ಲಿ ಬರೀ ಗುಂಯ್ ಅಂತ ಆಗಿ ರಿಫ್ಫೇ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಕೇಳ್ಸಲ್ಲ.

ಶೋನಲ್ಲಿ ಮಾರೋಕೆ ಬ್ಯಾಂಡ್ ಹೆಸರಿನ ಕಪ್ಪು ಟೀ ಶರ್ಟ್ ಮೊದ್ಲು 30 ಸಾಕು, ಯುಪಿಐ ಕ್ಯೂಆರ್ ಟೇಬಲ್ ಮೇಲೇ ಅಂಟಿಸಿ. ಕ್ರಿಪ್ಟೋಸ್ ಇದೇ ಊರಲ್ಲಿ 1998ರಲ್ಲಿ ಶುರುವಾದ ಮೆಟಲ್ ಬ್ಯಾಂಡು, ವರ್ಷಗಟ್ಟಲೆ ಬಿಡದೆ ನುಡಿಸ್ಕೊಂಡು ಬಂದಿದೆ, ಹಂಗಾಗಿ ಆರು ತಿಂಗಳಿಗೆಲ್ಲ ಸೋತ್ವಿ ಅನ್ಬೇಡಿ. ಮತ್ತೆ ಒಂದ್ ಹಾಡಾದ್ರೂ ಕನ್ನಡದಲ್ಲಿ ಬರೀರಿ, ಕೋರಸ್ಸು ಎಲ್ರೂ ಒಟ್ಟಿಗೆ ಕೂಗೋ ಹಂಗಿರ್ಲಿ.