ಹಸಿರು ಪುಸ್ತಕದ ಹಿಂದಿರೋ ಕಡತ ಓದೋದು ಹೇಗೆ

ಲೂಥರನ್ನರ, ಅಂದ್ರೆ ಮಾರ್ಟಿನ್ ಲೂಥರ್ ದಾರಿ ಹಿಡಿದ ಪ್ರಾಟೆಸ್ಟಂಟ್ ಕ್ರೈಸ್ತರ, ಆರಾಧನಾ ಕ್ರಮ ಹೇಗೆ ಬದಲಾಯ್ತು ಅಂತ ನೋಡೋಕೆ ಸುಮಾರು ಜನ ಹಳೇ ಪುಸ್ತಕ ಹೊಸ ಪುಸ್ತಕ ಪಕ್ಕಪಕ್ಕ ಇಟ್ಕೊಂಡು ಕೂತ್ಕೋತಾರೆ. ಏನು ಬದಲಾಯ್ತು ಅನ್ನೋದು ಅಷ್ಟರಲ್ಲೇ ಸಿಗತ್ತೆ, ಆದ್ರೆ ಯಾರು ಹಟ ಹಿಡಿದ್ರು ಯಾರು ಸೋತ್ರು ಅನ್ನೋದು ಅಚ್ಚಾದ ಪುಸ್ತಕದಲ್ಲಿ ಇರಲ್ಲ, ಅದಕ್ಕೆ ಕಡತಾನೇ ಬಿಚ್ಚಬೇಕು. ಅಮೆರಿಕದಲ್ಲಿ 1978ರಲ್ಲಿ ಬಂದ ‘ಲೂಥರನ್ ಬುಕ್ ಆಫ್ ವರ್ಶಿಪ್’, ಅದೇ ಹಸಿರು ರಟ್ಟಿನದು, ಅದನ್ನೇ ಉದಾಹರಣೆ ತಗೊಳ್ತೀನಿ.

ಮೊದ್ಲು ಮನೆತನದ ಕಥೆ ತಿಳ್ಕೊಳ್ಳಿ, ಇಲ್ಲಾಂದ್ರೆ ತಪ್ಪು ಬಾಗಿಲು ತಟ್ತೀರ. 1965ರಲ್ಲಿ ಮಿಸ್ಸೂರಿ ಸಿನಡ್ ಅನ್ನೋ ಲೂಥರನ್ ಪಂಗಡದವರೇ ಉಳಿದ ಲೂಥರನ್ ಸಭೆಗಳನ್ನ, ಅಂದ್ರೆ ಚರ್ಚ್ ಪಂಗಡಗಳನ್ನ, ಬನ್ನಿ ಎಲ್ರೂ ಸೇರಿ ಒಂದೇ ಪುಸ್ತಕ ಮಾಡೋಣ ಅಂತ ಕರೆದಿದ್ದು, 1966ರಲ್ಲಿ ಅದಕ್ಕೆ ಇಂಟರ್-ಲೂಥರನ್ ಕಮಿಷನ್ ಆನ್ ವರ್ಶಿಪ್ ಅನ್ನೋ ಜಂಟಿ ಆಯೋಗ ಶುರುವಾಯ್ತು, ಆಮೇಲೆ ಪುಸ್ತಕ ಮುಗಿಯೋ ಹೊತ್ತಿಗೆ, 1977ರಲ್ಲಿ, ಕರೆದವರೇ ಹಿಂದೆ ಸರಿದು 1982ರಲ್ಲಿ ತಮ್ಮದೇ ಬೇರೆ ಪುಸ್ತಕ ತಂದ್ರು. ಉಳಿದ ದೊಡ್ಡ ಸಭೆಗಳು 1988ರಲ್ಲಿ ಒಂದಾಗಿ ಇಎಲ್‌ಸಿಎ (ಇವಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕ) ಆದ್ವು. ಹಾಗಾಗಿ ಒಂದು ಕಡೆಯ ಕಾಗದಕ್ಕೆ ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿರೋ ಇಎಲ್‌ಸಿಎ ಆರ್ಕೈವ್ಸ್, ಇನ್ನೊಂದು ಕಡೆಗೆ, ಅಂದ್ರೆ ಮಿಸ್ಸೂರಿಯವರದಕ್ಕೆ, ಸೇಂಟ್ ಲೂಯಿಸ್‌ನ ಕಾನ್ಕಾರ್ಡಿಯಾ ಹಿಸ್ಟಾರಿಕಲ್ ಇನ್ಸ್ಟಿಟ್ಯೂಟ್. ಒಂದನ್ನ ಮಾತ್ರ ನೋಡಿ ಬರೆದ್ರೆ ವಿಚ್ಛೇದನದ ಕೇಸಲ್ಲಿ ಗಂಡನ ಮಾತು ಮಾತ್ರ ಕೇಳಿ ತೀರ್ಪು ಕೊಟ್ಟ ಹಾಗೆ.

ಹೋಗೋ ಮುಂಚೆ ಆರ್ಕೈವ್ಸ್‌ಗೆ ಇಮೇಲ್ ಹಾಕಿ ಡಬ್ಬಗಳ ಪಟ್ಟಿ ಕೇಳಿ. ಪಟ್ಟೀಲಿ ‘ದೀಕ್ಷಾಸ್ನಾನ’, ‘ಮದುವೆ’ ಅಂತ ವಿಷಯ ಹುಡುಕಿ ಸಿಗಲಿಲ್ಲ ಅಂತ ಕೈ ಬಿಡ್ಬೇಡಿ, ಸಮಿತಿ ಹೆಸರಲ್ಲಿ ಹುಡುಕಿ. ಈ ಕಮಿಷನ್ ಕೆಳಗೆ ನಾಲ್ಕು ಸಮಿತಿ ಇದ್ವು: ಆರಾಧನೆಯ ಪಠ್ಯಕ್ಕೆ, ಅದರ ಸಂಗೀತಕ್ಕೆ, ಕೀರ್ತನೆಗಳ ಸಾಹಿತ್ಯಕ್ಕೆ, ಕೀರ್ತನೆಗಳ ರಾಗಕ್ಕೆ.

ಆಮೇಲೆ ಇಡೀ ಪುಸ್ತಕದ ಹಿಂದೆ ಬೀಳ್ಬೇಡಿ, ಒಂದೇ ಒಂದು ಪಠ್ಯ ಹಿಡ್ಕೊಳ್ಳಿ. ನನ್ನ ಕೇಳಿದ್ರೆ ಕರ್ತನ ಭೋಜನದ, ಅಂದ್ರೆ ರೊಟ್ಟಿ ದ್ರಾಕ್ಷಾರಸ ಹಂಚೋ ವಿಧಿಯ, ಪ್ರಾರ್ಥನೆ. 1523ರಲ್ಲಿ ಲೂಥರ್ ಹಳೇ ಬಲಿಪೂಜೆಯ ಪ್ರಾರ್ಥನೆ ಕತ್ತರಿಸಿ ‘ಇದು ನನ್ನ ದೇಹ’ ಅನ್ನೋ ಕ್ರಿಸ್ತನ ಮಾತನ್ನ ಉಳಿಸ್ಕೊಂಡಿದ್ದ. ಇಪ್ಪತ್ತನೇ ಶತಮಾನದ ಪಂಡಿತರು ಪುರಾತನ ಸಭೆಯ ಥರ ಪೂರ್ತಿ ಸ್ತೋತ್ರ ಪ್ರಾರ್ಥನೆ ಬೇಕು ಅಂದ್ರು, ಇನ್ನೊಂದು ಗುಂಪು ಕ್ರಿಸ್ತನ ಆ ಮಾತು ದೇವರು ನಮಗೆ ಹೇಳೋ ಮಾತು, ನಾವು ದೇವರಿಗೆ ಹೇಳೋ ಪ್ರಾರ್ಥನೆಯೊಳಗೆ ಅದನ್ನ ತುರುಕಬೇಡಿ ಅಂತ ಕೂತ್ಕೊಂಡ್ರು. 1970ರಲ್ಲಿ ಪ್ರಯೋಗಕ್ಕೆ ಅಂತ ಒಂದು ಸಣ್ಣ ಪುಸ್ತಿಕೆ ಬಂತು, 1978ರಲ್ಲಿ ನೋಡಿದ್ರೆ ಎರಡೂ ದಾರಿ ಇವೆ, ಬೇಕಾದ್ದು ಆರಿಸ್ಕೊಳ್ಳಿ ಅಂತ. ಈ ‘ಎರಡೂ ಇರಲಿ’ ಅನ್ನೋದರ ಹಿಂದಿನ ಚೌಕಾಸಿನೇ ನೀವು ಹುಡುಕ್ತಿರೋದು.

ಸಮಿತಿ ಕೂತು ಮಾತಾಡಿದ್ದರ ನಡಾವಳಿ ಓದಿ, ಆದ್ರೆ ನಂಬಿಕೊಂಡು ಕೂರ್ಬೇಡಿ. ‘ಚರ್ಚೆಯ ನಂತರ ತೀರ್ಮಾನಿಸಲಾಯಿತು’ ಅಂತ ಯಾವ ನಡಾವಳಿನೂ ಸಭ್ಯವಾಗೇ ಬರೆಯತ್ತೆ, ಜಗಳ ಇರೋದು ಪತ್ರಗಳಲ್ಲಿ. ತಾರೀಕು ಇಲ್ಲದ ಟೈಪ್ ಮಾಡಿದ ಕರಡು ಸಿಕ್ರೆ ಗಾಬರಿ ಆಗ್ಬೇಡಿ, ಅದರಲ್ಲಿರೋ ಒಂದು ಸಾಲು ಪ್ರಯೋಗ ಪುಸ್ತಿಕೆಗಿಂತ ಹಿಂದಿನದಾ ಮುಂದಿನದಾ ಅಂತ ಹೋಲಿಸಿ, ಪೆನ್ಸಿಲಲ್ಲಿ ಹೊಡೆದು ಹಾಕಿರೋದು ಮುಂದಿನ ಕರಡಲ್ಲಿ ಮಾಯ ಆಗಿದ್ರೆ ಸರಣಿ ತಾನಾಗೇ ಕೂಡ್ಕೊಳ್ಳತ್ತೆ. ಕಾಗದದ ಜಾಗ ಅದಲುಬದಲು ಮಾತ್ರ ಮಾಡ್ಬೇಡಿ, ದಯವಿಟ್ಟು.

ಫೋಟೋ ತೆಗೆಯೋ ಮೊದ್ಲು ಕೇಳಿ, ತೆಗೆದ್ರೆ ಡಬ್ಬದ ನಂಬರು, ಫೋಲ್ಡರ್ ಹೆಸರು ಬರೆದ ಚೀಟಿ ಪ್ರತಿ ಫೋಟೋದಲ್ಲೂ ಬರೋ ಹಾಗೆ ಇಡಿ, ಮೂರು ತಿಂಗಳಾದ್ಮೇಲೆ ಯಾವುದು ಎಲ್ಲಿಂದ ಅಂತ ನಿಮಗೇ ನೆನಪಿರಲ್ಲ. ಅಚ್ಚಾಗದ ಪತ್ರದ ಸಾಲನ್ನ ಪ್ರಕಟಿಸೋಕೆ ಬೇರೆ ಅನುಮತಿ ಬೇಕಾಗ್ಬಹುದು.

ಮಂಗಳೂರು ಕಡೆಯವರಿಗೆ ಒಂದು ಮಾತು: 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್‌ನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಅನ್ನೋ ಇನ್ನೊಂದು ಪ್ರಾಟೆಸ್ಟಂಟ್ ಪಂಗಡದವರೂ ಬೆರೆತಿದ್ರು, ಆ ಮಿಷನ್ನಿನ ಕಾಗದ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ಇವೆ. ಅಲ್ಲೂ ಇದೇ ದಾರಿ ಹಿಡೀಬಹುದು, ಆದ್ರೆ ಹಳೇ ಪತ್ರಗಳು ಕುರೆಂಟ್ ಅನ್ನೋ ಹಳೇ ಜರ್ಮನ್ ಕೈಬರಹದಲ್ಲಿರತ್ವೆ, ಅದನ್ನ ಓದೋದು ಕಲಿತೇ ಟಿಕೆಟ್ ಬುಕ್ ಮಾಡಿ.