ತೋಳಿನ ಧಮನಿ ಎಷ್ಟು ಹಿಗ್ಗುತ್ತದೆ: ರಕ್ತನಾಳದ ಒಳಪದರವನ್ನು ನಾನು ಅಳೆಯುವ ಬಗೆ

ಹೃದಯದ ರಕ್ತನಾಳದಲ್ಲಿ ಕೊಬ್ಬು ಗಡ್ಡೆಕಟ್ಟುವುದಕ್ಕೆ ಎಷ್ಟೋ ಮೊದಲೇ ನಾಳದ ಒಳಪದರ, ಅಂದರೆ ಎಂಡೋಥೀಲಿಯಂ, ಸೊರಗಿರುತ್ತದೆ. ರಕ್ತ ರಭಸವಾಗಿ ಉಜ್ಜಿಕೊಂಡು ಹರಿದಾಗ ಆರೋಗ್ಯವಂತ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಸುತ್ತಲಿನ ಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ. ಧೂಮಪಾನ, ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ ಇದ್ದವರಲ್ಲಿ ಈ ಹಿಗ್ಗುವಿಕೆ ಕಡಿಮೆ. 1992ರಲ್ಲಿ ಸೆಲರ್‌ಮೇಯರ್, ಡೀನ್‌ಫೀಲ್ಡ್ ತಂಡ ತೋರಿಸಿಕೊಟ್ಟ ಅಲ್ಟ್ರಾಸೌಂಡ್ ವಿಧಾನದಲ್ಲೇ ನಾನು ಇದನ್ನು ತೋಳಿನ ಧಮನಿಯಲ್ಲಿ ಅಳೆಯುತ್ತೇನೆ.

ಬರುವವರು ಕನಿಷ್ಠ 6 ಗಂಟೆ ಏನೂ ತಿಂದಿರಬಾರದು. ಕಾಫಿ, ಸಿಗರೇಟು, ಹಿಂದಿನ ದಿನದ ಕಠಿಣ ವ್ಯಾಯಾಮ ಯಾವುದೂ ಇರಕೂಡದು. ಮಂದ ಬೆಳಕಿನ, ಸದ್ದಿಲ್ಲದ ಕೋಣೆಯಲ್ಲಿ 15 ನಿಮಿಷ ಮಲಗಿಸುತ್ತೇನೆ. ಕೋಣೆ ತಣ್ಣಗಿದ್ದರೆ ನಾಳ ಮೊದಲೇ ಬಿಗಿದುಕೊಂಡು ಲೆಕ್ಕವೇ ತಪ್ಪುತ್ತದೆ.

ಬಿಪಿ ಕಫ್ ಮೊಣಕೈ ಕೆಳಗೆ, ಮುಂದೋಳಿಗೆ. ಮೇಲ್ದೋಳಿಗೆ ಕಟ್ಟಿದರೆ ಹಿಗ್ಗುವಿಕೆ ದೊಡ್ಡದಾಗಿ ಕಾಣುತ್ತದೆ, ಆದರೆ ಅದರಲ್ಲಿ ನೈಟ್ರಿಕ್ ಆಕ್ಸೈಡಿನ ಪಾಲು ಎಷ್ಟೆಂದು ಬೇರ್ಪಡಿಸಲಾಗದು. ಅಲ್ಟ್ರಾಸೌಂಡಿನ ಲೀನಿಯರ್ ಪ್ರೋಬನ್ನು ಮೊಣಕೈ ಮಡಿಕೆಯಿಂದ ಸ್ವಲ್ಪ ಮೇಲೆ, ನಾಳದ ಉದ್ದಕ್ಕೆ ಹಿಡಿದು, ಎರಡೂ ಗೋಡೆಗಳು ತೆಳು ಬಿಳಿ ಗೆರೆಗಳಾಗಿ ಸ್ಪಷ್ಟವಾಗುವ ತನಕ ಹೊಂದಿಸಬೇಕು. ರಕ್ತದ ವೇಗ ಅಳೆಯುವ ಡಾಪ್ಲರ್ ಕಿರಣಕ್ಕೂ ರಕ್ತ ಹರಿಯುವ ದಿಕ್ಕಿಗೂ ನಡುವಿನ ಕೋನ 60 ಡಿಗ್ರಿ ಮೀರಬಾರದು. ಪ್ರೋಬನ್ನು ಸ್ಟ್ಯಾಂಡಿಗೆ ಬಿಗಿಯುವುದೇ ಕ್ಷೇಮ. ಕೈಯಲ್ಲಿ ಹಿಡಿದರೆ ಜಾರದೆ ಇರುವುದಿಲ್ಲ.

1 ನಿಮಿಷದ ಮೊದಲ ಅಳತೆ ದಾಖಲಾದ ಮೇಲೆ, ಸಿಸ್ಟಾಲಿಕ್ ಒತ್ತಡಕ್ಕಿಂತ (ಬಿಪಿಯ ಮೇಲಿನ ಅಂಕಿ) 50 ಮಿ.ಮೀ. ಪಾದರಸದಷ್ಟು ಹೆಚ್ಚಿಗೆ ಕಫ್ ಉಬ್ಬಿಸಿ 5 ನಿಮಿಷ ರಕ್ತ ತಡೆಹಿಡಿಯುತ್ತೇನೆ. ಬೆರಳು ಜುಮ್ಮೆನ್ನುತ್ತದೆ ಎಂದು ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಕೈ ಅಲ್ಲಾಡಿಸುತ್ತಾರೆ. ಗಾಳಿ ಒಮ್ಮೆಗೇ ಬಿಟ್ಟರೆ ರಕ್ತ ರಭಸವಾಗಿ ನುಗ್ಗುತ್ತದೆ; ಮುಂದಿನ 3 ನಿಮಿಷ ಬಿಡದೆ ರೆಕಾರ್ಡ್ ಮಾಡಬೇಕು. ನಾಳ ಎಲ್ಲರಲ್ಲೂ 60ನೇ ಸೆಕೆಂಡಿಗೇ ಗರಿಷ್ಠ ಮುಟ್ಟುವುದಿಲ್ಲ. ಆ ಒಂದೇ ಕ್ಷಣ ನೋಡಿದರೆ ಚೆನ್ನಾಗಿರುವ ನಾಳವನ್ನೂ ಕೆಟ್ಟದ್ದೆಂದು ಬರೆದುಬಿಡುತ್ತೇವೆ.

ನಾಳದ ವ್ಯಾಸ 3.80 ಮಿ.ಮೀ. ಇದ್ದದ್ದು 4.05 ಆದರೆ ಹಿಗ್ಗುವಿಕೆ ಶೇ. 6.6. ಮೊದಲ ಅಳತೆಯನ್ನೇ 3.90 ಎಂದು ಓದಿದ್ದರೆ ಅದು ಶೇ. 3.8ಕ್ಕೆ ಇಳಿಯುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗ ಇಷ್ಟು ಮಾಡುತ್ತದೆ! ಅದಕ್ಕೇ ಗೋಡೆ ಗುರುತಿಸುವ ಸಾಫ್ಟ್‌ವೇರ್ ಇಲ್ಲದೆ, ಕಣ್ಣಂದಾಜಿನಲ್ಲಿ ಕರ್ಸರ್ ಇಟ್ಟ ಅಳತೆಯನ್ನು ನಾನು ನಂಬುವುದಿಲ್ಲ.

ಹಿಗ್ಗುವಿಕೆ ಕಡಿಮೆ ಬಂದಾಗ ತಪ್ಪು ಒಳಪದರದ್ದೋ ಸ್ನಾಯುವಿನದ್ದೋ ತಿಳಿಯಲು, ಸ್ವಲ್ಪ ಹೊತ್ತು ಬಿಟ್ಟು ಒಳಪದರದ ನೆರವಿಲ್ಲದೆ ಸ್ನಾಯುವನ್ನು ಸಡಿಲಿಸುವ ನೈಟ್ರೋಗ್ಲಿಸರಿನ್ 0.4 ಮಿ.ಗ್ರಾಂ. ನಾಲಿಗೆಯಡಿ ಕೊಟ್ಟು ಮತ್ತೆ ಅಳೆಯುತ್ತೇನೆ. ಇದಕ್ಕೆ ನಾಳ ಚೆನ್ನಾಗಿ ಹಿಗ್ಗಿದರೆ ಸ್ನಾಯು ಸರಿಯಿದೆ, ಕೆಟ್ಟಿರುವುದು ಒಳಪದರ. ರಕ್ತದೊತ್ತಡ ಕಡಿಮೆ ಇದ್ದವರಿಗೂ ಸಿಲ್ಡೆನಾಫಿಲ್ (ವಯಾಗ್ರ) ಜಾತಿಯ ಮಾತ್ರೆ ನುಂಗಿದವರಿಗೂ ಇದನ್ನು ಕೊಡಲೇಬಾರದು.

ಪ್ರೋಬ್ ಮೊಣಕೈ ಮಡಿಕೆಯಿಂದ ಎಷ್ಟು ಸೆಂ.ಮೀ. ದೂರದಲ್ಲಿತ್ತು ಎಂದು ಬರೆದಿಟ್ಟು, ಪಕ್ಕದ ಅಭಿಧಮನಿ ಕಾಣುವಂತೆ ಒಂದು ಚಿತ್ರ ಉಳಿಸಿಕೊಳ್ಳುತ್ತೇನೆ. ಮುಂದಿನ ಸಲ ಅದೇ ಜಾಗ, ಅದೇ ಹೊತ್ತು, ಅದೇ ಯಂತ್ರ.